ಅಫೀಮಿನ ವ್ಯಸನವೂ ಅದರ ಚಿಕಿತ್ಸೆಯೂ

ಅಫೀಮು, ಹೆರಾಯಿನ್, ಅದೇ ಗುಣವುಳ್ಳ ಕೆಲವು ನೋವಿನ ಮಾತ್ರೆಗಳು, ಇವುಗಳಿಗೆ ದಾಸರಾದವರನ್ನು ಜನರು ನೀತಿಗೆಟ್ಟವರೆಂದು ಜರೆಯುವುದುಂಟು. ವೈದ್ಯಶಾಸ್ತ್ರವಾದರೋ ಇದನ್ನು ರೋಗವೆಂದೇ ಎಣಿಸುತ್ತದೆ. ಮಿದುಳು ಆ ವಸ್ತುವಿಗೆ ಒಗ್ಗಿಹೋಗಿರುವುದರಿಂದ, ಅದು ದೊರೆಯದಾಗ ಆಕಳಿಕೆ, ಮೈನೋವು, ಭೇದಿ, ನಿದ್ರಾಹೀನತೆಗಳು ತಲೆದೋರುವುವು.

ಇದಕ್ಕೆ ಮುಖ್ಯವಾದ ಔಷಧಗಳು ಮೂರು. ಮೆಥಡೋನನ್ನು ದಿನಕ್ಕೊಮ್ಮೆ ಕುಡಿಯತಕ್ಕದ್ದು. ಬ್ಯುಪ್ರಿನಾರ್ಫಿನ್ ಮಾತ್ರೆಯನ್ನು ನಾಲಗೆಯ ಕೆಳಗಿಟ್ಟು ಕರಗಿಸತಕ್ಕದ್ದು. ಇವೆರಡೂ ಆ ಬೇನೆಗಳನ್ನೂ ತವಕವನ್ನೂ ಅಡಗಿಸುವುವು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಇವನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮೂರನೆಯದಾದ ನಾಲ್ಟ್ರೆಕ್ಸೋನ್ ಅಮಲೇರಗೊಡದು. ಆದರೆ ವ್ಯಸನವಸ್ತುವನ್ನು ಬಿಟ್ಟು 7ರಿಂದ 10 ದಿನಗಳಾದ ಮೇಲೆಯೇ ಅದನ್ನು ಕೊಡಬೇಕು.

ಒಂದು ಅಮಲನ್ನು ಬಿಡಿಸಿ ಇನ್ನೊಂದನ್ನು ಹಿಡಿಸಿದಂತಾಯಿತಲ್ಲವೇ ಎಂದು ಕೇಳುವವರುಂಟು. ಹಾಗಲ್ಲ. ವೈದ್ಯರು ಅಳೆದು ಕೊಟ್ಟ ಪ್ರಮಾಣದಲ್ಲಿ ರೋಗಿಯು ಅಮಲಿಲ್ಲದೆ ದುಡಿದು ಬಾಳಬಲ್ಲನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಕ್ಕಳಾದ ನಾವು ಬಲ್ಲೆವು: ಅಟ್ಟದ ಮೇಲಣ ಕಾಯಿ ಕೊಬ್ಬರಿಯಾಗಲು ಹತ್ತಿರಹತ್ತಿರ ವರ್ಷವೇ ಬೇಕು, ಅವಸರಪಟ್ಟು ಒಡೆದರೆ ಕೊಬ್ಬರಿ ದೊರೆಯದು. ಈ ಚಿಕಿತ್ಸೆಯೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಡೆಯತಕ್ಕದ್ದು.

ರೋಗಿಯನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಅಪಾಯಕರ. ಕೆಲದಿನ ಬಿಟ್ಟವನ ದೇಹವು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತು ಮರಣವೂ ಸಂಭವಿಸಬಹುದು.

ಆದುದರಿಂದ, ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಷ್ಟವಿದ್ದರೆ ನಾಚಿ ಬಚ್ಚಿಡದಿರಿ. ನಂಬಿಕೆಯ ಹಿರಿಯರಿಗೆ ತಿಳಿಸಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವುಂಟು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಹಣವಿಲ್ಲದೆ ಸಲಹೆ ದೊರೆಯುವುದು. ರೋಗಿಯನ್ನು ಜರೆಯುವುದಕ್ಕಿಂತ ವೈದ್ಯರ ಬಾಗಿಲಿಗೆ ಕರೆದೊಯ್ಯುವುದೇ ನಿಜವಾದ ಉಪಕಾರ.