ನೋವಿನ ಬೆಲೆಗೆ ಮಿತಿ ಉಂಟೆ? – ವೈದ್ಯಕೀಯ ನಿರ್ಲಕ್ಷ್ಯ ಮತ್ತು ನಷ್ಟಪರಿಹಾರ

ಒಂದೇ ಆಸ್ಪತ್ರೆಯಲ್ಲಿ, ಒಂದೇ ವಾರದಲ್ಲಿ, ಇಬ್ಬರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ನಡೆಯಿತೆಂದು ಭಾವಿಸೋಣ. ಇಬ್ಬರ ಹೊಟ್ಟೆಯಲ್ಲೂ ರಕ್ತ ಒರೆಸುವ ಬಟ್ಟೆಯ ತುಂಡೊಂದು ಉಳಿದುಬಿಟ್ಟಿತು. ಇಬ್ಬರೂ ಆರು ತಿಂಗಳು ನೋವುಂಡು, ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾಗಿ ಚೇತರಿಸಿಕೊಂಡರು. ಒಬ್ಬರು 42 ವರ್ಷದ ಬ್ಯಾಂಕ್ ಅಧಿಕಾರಿ; ಇನ್ನೊಬ್ಬರು ಮಗನ ಮನೆಯಲ್ಲಿರುವ 68 ವರ್ಷದ ವಿಧವೆ. ಅಧಿಕಾರಿಗೆ ಆರು ತಿಂಗಳ ಸಂಬಳ ನಷ್ಟವಾಗಿದೆ, ಬಡ್ತಿ ತಪ್ಪಿದೆ. ಇವುಗಳನ್ನು ಲೆಕ್ಕಹಾಕಿ ತೋರಿಸಬಹುದು. ವೃದ್ಧೆಗೆ ಸಂಬಳವಿಲ್ಲ. ಆಸ್ಪತ್ರೆಯ ಖರ್ಚನ್ನು ಬಿಟ್ಟರೆ ಆಕೆ ಕೇಳಬಹುದಾದುದು ಮುಖ್ಯವಾಗಿ ತಾನು ಪಟ್ಟ ಯಾತನೆಗೆ ತಕ್ಕ ಹಣವನ್ನು. ಆ ಹಣಕ್ಕೆ ಕಾನೂನು ಮಿತಿ ಹಾಕಿದೆಯೆ ಎಂಬ ಪ್ರಶ್ನೆ ಅಧಿಕಾರಿಗಿಂತ ಹೆಚ್ಚಾಗಿ ಆಕೆಗೆ ಸಂಬಂಧಿಸಿದ್ದು.

ದೇಹಕ್ಕೆ ಆದ ಹಾನಿಗೆ ಪರಿಹಾರವನ್ನು ಗೊತ್ತುಪಡಿಸುವಾಗ ನ್ಯಾಯಾಲಯಗಳು ಅದನ್ನು ಎರಡು ಭಾಗವಾಗಿ ವಿಂಗಡಿಸುತ್ತವೆ. ಚಿಕಿತ್ಸೆಯ ವೆಚ್ಚ, ಕಳೆದುಹೋದ ಸಂಪಾದನೆ, ಮುಂದೆ ಬೇಕಾಗುವ ಶುಶ್ರೂಷೆ ಮುಂತಾದವು ಆರ್ಥಿಕ ನಷ್ಟ. ದೈಹಿಕ ನೋವು, ಮಾನಸಿಕ ಯಾತನೆ, ನಡೆದಾಡುವ ಓಡಾಡುವ ಸುಖವನ್ನು ಕಳೆದುಕೊಂಡದ್ದು, ಆಯುಸ್ಸು ಕುಗ್ಗಿದ್ದು, ಇವು ಆರ್ಥಿಕೇತರ ನಷ್ಟ. ಒಂದು ರಸ್ತೆ ಅಪಘಾತದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಈ ವಿಂಗಡಣೆಯನ್ನು ವಿಶದವಾಗಿ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ನಡುವಣ ಮೊಕದ್ದಮೆಯಲ್ಲಿ, ಹಣ ಪಡೆದು ಮಾಡುವ ಚಿಕಿತ್ಸೆಯೂ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅರ್ಥದಲ್ಲಿ ‘ಸೇವೆ’ಯೇ ಎಂದು ಅದು ತೀರ್ಪಿತ್ತಿತು. ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಲಾಗದ ರೋಗಿಗೆ ಗ್ರಾಹಕರ ವೇದಿಕೆಯ ಬಾಗಿಲು ತೆರೆದದ್ದು ಆ ತೀರ್ಪಿನಿಂದ. 1986ರ ಅಧಿನಿಯಮದ ಸ್ಥಾನದಲ್ಲಿ 2019ರ ಅಧಿನಿಯಮ ಬಂದ ಮೇಲೂ ವೈದ್ಯಕೀಯ ಸೇವೆ ಅದರ ವ್ಯಾಪ್ತಿಯಲ್ಲೇ ಉಳಿದಿದೆಯೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಚಿಕಿತ್ಸೆ ಫಲಿಸಲಿಲ್ಲವೆಂಬ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. ಸಾಧಾರಣ ಕುಶಲತೆಯುಳ್ಳ ವೈದ್ಯನೊಬ್ಬನು ವಹಿಸುತ್ತಿದ್ದ ಎಚ್ಚರಿಕೆಯನ್ನು ವಹಿಸಲಿಲ್ಲವೆಂಬುದು ಮೊದಲು ಸಿದ್ಧವಾಗಬೇಕು. ಆ ಬಳಿಕವಷ್ಟೇ ಮೊತ್ತದ ಮಾತು.

ಈ ಮೊತ್ತಕ್ಕೆ ನಮ್ಮ ದೇಶದ ಗ್ರಾಹಕ ಕಾನೂನಿನಲ್ಲಿ ಮೇಲ್ಮಿತಿ ಎಂಬುದಿಲ್ಲ. ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಅಥವಾ ಹಾನಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಆಯೋಗಗಳಿಗೆ ನೀಡಲಾಗಿದೆ. ನೋವಿಗೆ ಇಂತಿಷ್ಟೇ ಎಂಬ ಅಂಕಿ ಅಲ್ಲಿ ಕಾಣದು. ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. 2021ರ ಡಿಸೆಂಬರಿನ ನಿಯಮಗಳ ಪ್ರಕಾರ 50 ಲಕ್ಷ ರೂಪಾಯಿಗಳವರೆಗಿನ ದೂರುಗಳು ಜಿಲ್ಲಾ ಆಯೋಗಕ್ಕೂ, ಅಲ್ಲಿಂದ 2 ಕೋಟಿಯವರೆಗಿನವು ರಾಜ್ಯ ಆಯೋಗಕ್ಕೂ, ಅದಕ್ಕೂ ಮೇಲ್ಪಟ್ಟವು ರಾಷ್ಟ್ರೀಯ ಆಯೋಗಕ್ಕೂ ಹೋಗುತ್ತವೆ. ಈ ಅಂಕಿಗಳು ಪರಿಹಾರದ ಮಿತಿಯಲ್ಲ. ರೋಗಿಯು ಚಿಕಿತ್ಸೆಗಾಗಿ ತೆತ್ತ ಹಣವನ್ನು ಅನುಸರಿಸಿ ಯಾವ ಬಾಗಿಲು ತಟ್ಟಬೇಕೆಂದು ತಿಳಿಸುವ ಗೆರೆಗಳು ಮಾತ್ರ. ಎರಡು ಲಕ್ಷ ರೂಪಾಯಿಯ ಶಸ್ತ್ರಚಿಕಿತ್ಸೆಯಿಂದ ಎರಡು ಕೋಟಿಯ ಹಾನಿಯಾಗಿದ್ದರೂ ದೂರು ಜಿಲ್ಲಾ ಆಯೋಗಕ್ಕೇ ಸಲ್ಲುತ್ತದೆ.

ಆದರೂ ನೋವಿಗೆ ಅಂಕಿ ಹಾಕಿದ ಕಾನೂನು ನಮ್ಮಲ್ಲಿ ಇರಲೇ ಇಲ್ಲವೆನ್ನುವಂತಿಲ್ಲ. ಮೋಟಾರು ವಾಹನಗಳ ಅಧಿನಿಯಮಕ್ಕೆ 1994ರಲ್ಲಿ ಸೇರಿಸಲಾದ ಎರಡನೆಯ ಅನುಸೂಚಿಯಲ್ಲಿ, ತಪ್ಪನ್ನು ಸಾಬೀತುಪಡಿಸದೆ ಪರಿಹಾರ ಕೇಳುವವರಿಗಾಗಿ ಒಂದು ಸಿದ್ಧ ಕೋಷ್ಟಕವಿತ್ತು. ಅದರಂತೆ ತೀವ್ರ ಗಾಯದ ನೋವಿಗೆ 5,000 ರೂಪಾಯಿ, ಸಾಮಾನ್ಯ ಗಾಯದ ನೋವಿಗೆ 1,000 ರೂಪಾಯಿ. ಬೆಲೆಗಳು ಏರಿದವು, ಕೋಷ್ಟಕ ಏರಲಿಲ್ಲ. 2018ರಲ್ಲಿ ಅದನ್ನು ಬದಲಿಸುವವರೆಗೂ ಕಾಲು ಮುರಿದವನ ಯಾತನೆಗೆ ಆ ಕೋಷ್ಟಕದಲ್ಲಿ ಅದೇ ಐದು ಸಾವಿರ! ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಆದರೆ ಅಂಕಿಯನ್ನು ಒಮ್ಮೆ ಬರೆದಿಟ್ಟರೆ ಏನಾಗುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ.

ದೂರದ ಉದಾಹರಣೆಯೂ ಬೋಧಪ್ರದವಾಗಿದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ವೈದ್ಯರು ಕಟ್ಟಬೇಕಾದ ವಿಮಾ ಕಂತುಗಳು ವಿಪರೀತ ಏರಿದವು. ವೈದ್ಯರು ವೃತ್ತಿಯನ್ನೇ ಬಿಡುವ ಭೀತಿ ತಲೆದೋರಿದಾಗ, 1975ರಲ್ಲಿ ಅಲ್ಲಿನ ಶಾಸನಸಭೆಯು ಆರ್ಥಿಕೇತರ ನಷ್ಟದ ಪರಿಹಾರ 2,50,000 ಡಾಲರುಗಳನ್ನು ಮೀರಕೂಡದೆಂದು ಗೊತ್ತುಪಡಿಸಿತು. ಆರ್ಥಿಕ ನಷ್ಟಕ್ಕೆ ಯಾವ ಮಿತಿಯನ್ನೂ ಹಾಕಲಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ಅಂಕಿಯನ್ನು ಹೆಚ್ಚಿಸುವ ಏರ್ಪಾಡೂ ಅದರಲ್ಲಿರಲಿಲ್ಲ. 47 ವರ್ಷಗಳ ತರುವಾಯ, 2022ರಲ್ಲಿ, ಆ ಹಣದ ಕೊಳ್ಳುವ ಶಕ್ತಿ ಮೊದಲಿದ್ದುದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು. ಇದರ ಹೊರೆಯನ್ನು ಹೊತ್ತವರು ಯಾರು? ದೊಡ್ಡ ಸಂಬಳದವನ ಪರಿಹಾರದ ಬಹುಪಾಲು ಸಂಪಾದನೆಯ ನಷ್ಟದಿಂದ ಬರುವುದರಿಂದ ಅವನಿಗೆ ಮಿತಿ ಅಷ್ಟಾಗಿ ತಟ್ಟಲಿಲ್ಲ. ಮಕ್ಕಳು, ವೃದ್ಧರು, ಸಂಬಳವಿಲ್ಲದೆ ಮನೆ ನಡೆಸುವ ಹೆಂಗಸರು, ಇವರಿಗೆ ತಟ್ಟಿತು. ಗೆದ್ದ ಹಣದಲ್ಲಿ ಪಾಲು ಪಡೆದು ವಾದಿಸುವುದು ಅಲ್ಲಿನ ವಕೀಲರ ರೂಢಿಯಾದ್ದರಿಂದ, ಇಂಥವರ ಮೊಕದ್ದಮೆಗಳನ್ನು ಹಿಡಿಯಲು ವಕೀಲರೇ ಮುಂದೆ ಬರುವುದಿಲ್ಲವೆಂಬ ದೂರು ಬಹುಕಾಲ ಕೇಳಿಬಂದಿತು. ಕೊನೆಗೆ 2022ರಲ್ಲಿ ಕಾನೂನು ತಿದ್ದುಪಡಿಯಾಗಿ, 2023ರ ಜನವರಿ 1ರಿಂದ ಮಿತಿಯು ಗಾಯದ ಪ್ರಕರಣದಲ್ಲಿ 3,50,000, ಮರಣದ ಪ್ರಕರಣದಲ್ಲಿ 5,00,000 ಡಾಲರ್ ಆಯಿತು. ಹತ್ತು ವರ್ಷಗಳಲ್ಲಿ ಇವು ಕ್ರಮವಾಗಿ 7,50,000 ಮತ್ತು 10,00,000 ಡಾಲರುಗಳಿಗೆ ಏರಬೇಕೆಂಬ ವಿಧಿಯೂ ಸೇರಿತು. ಕೆನಡಾದ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ನೋವಿನ ಪರಿಹಾರಕ್ಕೆ 1,00,000 ಡಾಲರುಗಳ ಮಿತಿ ಹಾಕಿದಾಗ ಅದನ್ನು ಬೆಲೆಯೇರಿಕೆಯೊಡನೆ ಏರಲು ಬಿಟ್ಟಿತು. ಮಿತಿ ಹಾಕಲೇಬೇಕಾದರೆ ಇದು ಹೆಚ್ಚು ವಿವೇಕದ ಮಾರ್ಗವೆಂದು ಹೇಳಬೇಕಾಗುತ್ತದೆ.

ಲಿಖಿತ ಮಿತಿಯಿಲ್ಲದ ನಮ್ಮಲ್ಲಿ ಯಾತನೆಗೆ ದೊರೆಯುವುದೆಷ್ಟು? ಎರಡು ಪ್ರಸಿದ್ಧ ತೀರ್ಪುಗಳನ್ನು ನೋಡಬಹುದು.

1990ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಇಪ್ಪತ್ತು ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಎದೆಯಲ್ಲಿದ್ದ ಗಡ್ಡೆಗೆ ಶಸ್ತ್ರಚಿಕಿತ್ಸೆ ನಡೆಯಿತು. ಗಡ್ಡೆ ಬೆನ್ನುಹುರಿಯ ಸಮೀಪದ್ದಾಗಿದ್ದರೂ ನರಶಸ್ತ್ರಚಿಕಿತ್ಸಕರನ್ನು ಜೊತೆಗೂಡಿಸಿಕೊಂಡಿರಲಿಲ್ಲ. ಎಚ್ಚರವಾದಾಗ ಆತನ ಸೊಂಟದ ಕೆಳಗಿನ ಭಾಗ ಸ್ವಾಧೀನ ತಪ್ಪಿತ್ತು. 2009ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಕೋಟಿ ರೂಪಾಯಿ ಮತ್ತು ಬಡ್ಡಿಯನ್ನು ಕೊಡಿಸಿತು. ಗಾಲಿಕುರ್ಚಿಯಲ್ಲಿ ಕುಳಿತು ತನ್ನ ಪರವಾಗಿ ವಾದಿಸಿದವನು ಆತನೇ. ಮೂವತ್ತು ವರ್ಷಗಳ ಶುಶ್ರೂಷೆಗೆ ತಿಂಗಳಿಗೆ 4,000ದಂತೆ 14,40,000, ಅಂಗಮರ್ದನ ಚಿಕಿತ್ಸೆಗೆ 3,000ದಂತೆ 10,80,000, ವಾಹನ ನಡೆಸುವ ಸಹಾಯಕನಿಗೆ 2,000ದಂತೆ 7,20,000, ಹೀಗೆ ಪ್ರತಿಯೊಂದನ್ನೂ ನ್ಯಾಯಾಲಯ ಎಣಿಸಿತು. ನೋವು ಮತ್ತು ಯಾತನೆಯ ಶೀರ್ಷಿಕೆಯಲ್ಲಿ ಕೊಟ್ಟದ್ದು 10 ಲಕ್ಷ.

ಎರಡನೆಯದು ಕುಣಾಲ್ ಸಾಹ ಪ್ರಕರಣ. ಅಮೆರಿಕದಲ್ಲಿ ನೆಲೆಸಿದ್ದ ಅವರ ಪತ್ನಿ 1998ರಲ್ಲಿ ಕೋಲ್ಕತ್ತಕ್ಕೆ ಬಂದಾಗ ಚರ್ಮ ಸುಲಿದುಹೋಗುವ ಘೋರ ವ್ಯಾಧಿಗೆ ತುತ್ತಾದರು; ಸ್ಟೀರಾಯ್ಡ್ ಔಷಧಿಯನ್ನು ಮಿತಿಮೀರಿ ಕೊಡಲಾಗಿತ್ತು. ಅವರನ್ನು ವಿಮಾನದಲ್ಲಿ ಮುಂಬಯಿಗೆ ಸಾಗಿಸಲಾಯಿತಾದರೂ ಮೇ 28ರಂದು ಅಲ್ಲಿ ಕೊನೆಯುಸಿರೆಳೆದರು. 2013ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಧರಿಸಿದ ಪರಿಹಾರ 6,08,00,550 ರೂಪಾಯಿ. ಇದರಲ್ಲಿ 5,72,00,550 ರೂಪಾಯಿ ಸಂಪಾದನೆಯ ನಷ್ಟ. ವರ್ಷಕ್ಕೆ 40,000 ಡಾಲರ್ ಆದಾಯ, ಮುಂದಿನ ಏಳಿಗೆಗಾಗಿ ನೂರಕ್ಕೆ ಮೂವತ್ತು ಸೇರ್ಪಡೆ, ಸ್ವಂತ ವೆಚ್ಚಕ್ಕಾಗಿ ಮೂರನೆಯ ಒಂದು ಭಾಗದ ಕಡಿತ, ಉಳಿದುದಕ್ಕೆ ಮೂವತ್ತು ವರ್ಷ, ಡಾಲರಿಗೆ 55 ರೂಪಾಯಿ: ಲೆಕ್ಕ ಇಷ್ಟೆ. ದೇಹದ ಚರ್ಮವೇ ಕಳಚಿಹೋಗುವ ಆ ಯಾತನೆಗೆ ಇಲ್ಲಿಯೂ 10 ಲಕ್ಷ, ಅಂದರೆ ಒಟ್ಟು ಮೊತ್ತದಲ್ಲಿ ನೂರಕ್ಕೆ ಎರಡಕ್ಕಿಂತಲೂ ಕಡಿಮೆ.

ಇದಕ್ಕೆ ಹೋಲಿಸಬೇಕಾದದ್ದು 2019ರ ಜನವರಿಯ ತೀರ್ಪು. ಭೋಪಾಲಿನಲ್ಲಿ ಡೆಂಗೆ ಜ್ವರಕ್ಕೆ ತಕ್ಕ ಚಿಕಿತ್ಸೆ ದೊರೆಯದೆ 56 ವರ್ಷದ ಮಹಿಳೆಯೊಬ್ಬರು ತೀರಿಕೊಂಡಿದ್ದರು. ಸಂಬಳವಿಲ್ಲದೆ ಮನೆ ನಡೆಸುವವರ ದುಡಿಮೆಗೂ ಆರ್ಥಿಕ ಮೌಲ್ಯ ಉಂಟೆಂದು ನ್ಯಾಯಾಲಯ ಒತ್ತಿಹೇಳಿತು. ಅದು ಮುಖ್ಯವಾದ ಮಾತು. ಕೊಡಿಸಿದ ಒಟ್ಟು ಪರಿಹಾರ 15 ಲಕ್ಷ ರೂಪಾಯಿ ಮತ್ತು ಬಡ್ಡಿ. ಆರು ಕೋಟಿಗೂ ಹದಿನೈದು ಲಕ್ಷಕ್ಕೂ ನಡುವಣ ಅಂತರ ಎರಡು ಸಾವುಗಳ ಯಾತನೆಯಲ್ಲಿದ್ದ ಅಂತರವಲ್ಲ. ಬಹುಮಟ್ಟಿಗೆ ಅದು ಸಂಪಾದನೆಯ ಅಂತರ. ಶಾಸನ ಬರೆಯದ ಮಿತಿಯನ್ನು ರೂಢಿಯೇ ಬರೆದಂತಾಗಿದೆ; ಕ್ಯಾಲಿಫೋರ್ನಿಯಾದಂತೆ ಇಲ್ಲಿಯೂ ಅದರ ಭಾರ ಸಂಪಾದನೆಯಿಲ್ಲದವರ ಮೇಲೆಯೇ ಬೀಳುತ್ತದೆ.

ವೈದ್ಯರ ಆತಂಕವನ್ನೂ ಅಲ್ಲಗಳೆಯುವಂತಿಲ್ಲ. ಪರಿಹಾರಕ್ಕೆ ಎಲ್ಲೆಯೇ ಇಲ್ಲವೆಂದಾದರೆ ಸಣ್ಣ ಊರಿನ ಹೆರಿಗೆ ಆಸ್ಪತ್ರೆಗಳು ತೊಡಕಿನ ಪ್ರಕರಣಗಳನ್ನು ಮುಟ್ಟಲು ಹಿಂಜರಿದಾವು; ಅನಗತ್ಯ ಪರೀಕ್ಷೆಗಳ ಪಟ್ಟಿ ಬೆಳೆದೀತು; ಆ ವೆಚ್ಚವೂ ಕಡೆಗೆ ರೋಗಿಯ ತಲೆಯ ಮೇಲೆಯೇ. ಆದರೆ ಮೇಲಿನ ತೀರ್ಪುಗಳಲ್ಲಿ ಕಾಣುವ ದೋಷ ನೋವಿಗೆ ಅತಿಯಾಗಿ ಕೊಟ್ಟದ್ದಲ್ಲ, ತಡವಾದದ್ದು. ಹೈದರಾಬಾದಿನ ವಿದ್ಯಾರ್ಥಿ ಅಂತಿಮ ತೀರ್ಪು ಕೇಳುವಾಗ ಹತ್ತೊಂಬತ್ತನೆಯ ವರ್ಷ ನಡೆಯುತ್ತಿತ್ತು.

ಮೊತ್ತ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿರುವುದರಿಂದ, ನೋವನ್ನು ದಾಖಲೆಯ ಮೂಲಕ ತೋರಿಸಿಕೊಡುವುದು ಅಗತ್ಯ. ನೋವು ಕಂಡ ದಿನ, ವೈದ್ಯರಿಗೆ ಅದನ್ನು ತಿಳಿಸಿದ ದಿನ, ನಿದ್ರೆಯಿಲ್ಲದ ರಾತ್ರಿಗಳು, ಕೊಂಡ ಮಾತ್ರೆಗಳ ರಸೀದಿ, ಆರೈಕೆಗಾಗಿ ಕೆಲಸ ಬಿಟ್ಟು ಬಂದ ಮಗಳ ರಜೆಯ ಪತ್ರ ಮುಂತಾದುವನ್ನು ಆಗಿಂದಾಗಲೇ ಬರೆದು ಕೂಡಿಟ್ಟರೆ, ಸಂಬಳದ ಚೀಟಿಯಿಲ್ಲದವರಿಗೂ ಆಧಾರ ದೊರೆತಂತಾಗುತ್ತದೆ. ರೋಗಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂದು 2002ರ ವೈದ್ಯಕೀಯ ನಡವಳಿಕೆಯ ವಿನಿಯಮಗಳು ವಿಧಿಸುತ್ತವೆ. ಚಿಕಿತ್ಸೆಗೆ ತೆತ್ತ ಹಣ 5 ಲಕ್ಷವನ್ನು ಮೀರದಿದ್ದರೆ ಗ್ರಾಹಕ ದೂರಿಗೆ ಶುಲ್ಕವಿಲ್ಲ. ಹೊರನಾಡಿನ ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಅಂಶವಿದೆ: 2019ರ ಅಧಿನಿಯಮದಂತೆ ದೂರುದಾರನು ತಾನು ವಾಸಿಸುವ ಊರಿನಲ್ಲೇ ದೂರು ಸಲ್ಲಿಸಬಹುದು. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಪಡೆದು ಪುಣೆಗೆ ಮರಳಿದವರು ಮತ್ತೆ ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ. ಎಲ್ಲರಿಗೂ ಉಚಿತವಾಗಿಯೇ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾತ್ರ ಈ ಕಾನೂನಿನ ಹೊರಗಿವೆ; ಅಲ್ಲಿನ ನಿರ್ಲಕ್ಷ್ಯಕ್ಕೆ ಸಿವಿಲ್ ನ್ಯಾಯಾಲಯವೇ ಗತಿ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವಲ್ಲಿ ಉಚಿತ ರೋಗಿಗೂ ದೂರಿನ ಹಕ್ಕು ಇದೆ.

ಮೊತ್ತಕ್ಕೆ ಮಿತಿಯಿಲ್ಲದಿದ್ದರೂ ಕಾಲಕ್ಕೆ ಇದೆ. ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ತಡವಾದರೆ ಸಾಕಷ್ಟು ಕಾರಣ ತೋರಿಸಬೇಕು. ಈ ಲೇಖನದ ಮೊದಲಲ್ಲಿ ಕಲ್ಪಿಸಿಕೊಂಡಂಥ ಪ್ರಸಂಗವೇ 2010ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ದಾದಿಯಾಗಿದ್ದ ಮಹಿಳೆಯೊಬ್ಬರಿಗೆ 1993ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿ, ಒಂಬತ್ತು ವರ್ಷ ಹೊಟ್ಟೆನೋವು ಬಿಟ್ಟಿರಲಿಲ್ಲ. 2002ರಲ್ಲಿ ಮತ್ತೆ ಹೊಟ್ಟೆ ಕೊಯ್ದಾಗ ಗಾಜ್ ಬಟ್ಟೆ ಕಂಡಿತು. ಹಾನಿ ಬೆಳಕಿಗೆ ಬಂದ ದಿನದಿಂದ ಕಾಲವನ್ನು ಎಣಿಸಬಹುದೆಂಬ ತತ್ತ್ವವನ್ನು ನ್ಯಾಯಾಲಯ ಒಪ್ಪಿತು. ಆದರೆ ಅಷ್ಟು ದೀರ್ಘಕಾಲ ನೋವಿದ್ದರೂ, ಅದರಲ್ಲೂ ವೈದ್ಯಕೀಯ ತಿಳಿವಳಿಕೆಯುಳ್ಳ ಆಕೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಮರಳಿ ಕೇಳಲಿಲ್ಲವೆಂಬ ಕಾರಣದಿಂದ ದೂರು ಕಾಲಮಿತಿ ಮೀರಿದ್ದೆಂದು ತಳ್ಳಿಹಾಕಲ್ಪಟ್ಟಿತು.