ಚಳಿಗಾಲಕ್ಕೆ ತೋಟದ ಬ್ಯಾಟರಿ ಗಾಡಿಯ ಸಿದ್ಧತೆ

ಗಾಲ್ಫ್ ಮೈದಾನದಲ್ಲಿ ಆಟಗಾರರನ್ನು ಒಯ್ಯಲೆಂದು ತಯಾರಿಸಿದ ನಾಲ್ಕು ಚಕ್ರದ ಬ್ಯಾಟರಿ ಗಾಡಿಯು ತೋಟದ ಕೆಲಸಕ್ಕೂ ಒದಗುತ್ತದೆ. ಹೊಗೆಯಿಲ್ಲ, ಸದ್ದು ಕಡಿಮೆ, ಕಿರಿದಾದ ದಾರಿಯಲ್ಲಿ ಸುಲಭವಾಗಿ ತಿರುಗುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿ ಸುತ್ತಿನ ಅಡಿಕೆ ತೋಟಗಳಲ್ಲಿ ಗೊನೆ, ಗೊಬ್ಬರ, ಹುಲ್ಲು ಸಾಗಿಸಲು ಇಂತಹ ಗಾಡಿಯನ್ನು ಕೊಳ್ಳಬಯಸುವ ರೈತರು ಕೇಳುವ ಪ್ರಶ್ನೆಯೊಂದಿದೆ: ಚಳಿಗಾಲದಲ್ಲಿ ಇದರ ಓಟ ಕಡಿಮೆಯಾಗುವುದೇಕೆ? ಇದಕ್ಕೆ ಹೊದಿಕೆ, ಹೀಟರ್ ಅಳವಡಿಸಬೇಕೇ?

ನಮ್ಮಲ್ಲಿ ಡಿಸೆಂಬರ್–ಜನವರಿಯ ಮುಂಜಾನೆ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕೆಲವು ದಿನ ಇನ್ನೂ ಕೆಳಗಿಳಿಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಈ ಗಾಡಿಗಳಿಗೆ ಮಾಡುವ ಎಲ್ಲ ಏರ್ಪಾಡೂ ನಮಗೆ ಬೇಕಿಲ್ಲ. ನಮ್ಮ ಚಳಿಯಿಂದ ಮೋಟಾರಿಗೆ ತೊಂದರೆಯಿಲ್ಲ. ಗಮನ ಕೊಡಬೇಕಾದದ್ದು ಬ್ಯಾಟರಿ, ಬ್ರೇಕು ಮತ್ತು ಚಾಲಕ, ಈ ಮೂರಕ್ಕೆ.

ಓಟ ಕಡಿಮೆಯಾಗುವುದೇಕೆ?

ಸೀಸ-ಆಮ್ಲ ಬ್ಯಾಟರಿಯಲ್ಲಿ ವಿದ್ಯುತ್ತು ರಾಸಾಯನಿಕ ಕ್ರಿಯೆಯಿಂದ ಹುಟ್ಟುತ್ತದೆ. ಚಳಿ ಹೆಚ್ಚಿದಂತೆ ಈ ಕ್ರಿಯೆ ನಿಧಾನವಾಗುತ್ತದೆ. 27 ಡಿಗ್ರಿಯಲ್ಲಿ ದೊರೆಯುವ ಶಕ್ತಿಗಿಂತ 15 ಡಿಗ್ರಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಕಡಿಮೆ ದೊರೆಯುತ್ತದೆ. ಅಂದರೆ ಬೇಸಿಗೆಯಲ್ಲಿ ತೋಟಕ್ಕೆ 20 ಸುತ್ತು ಬರುವ ಗಾಡಿ ಚಳಿಯ ಮುಂಜಾನೆ ಸುಮಾರು 18 ಸುತ್ತು ಬಂದೀತು. ಇದು ಬ್ಯಾಟರಿ ಕೆಟ್ಟಿದ್ದರ ಲಕ್ಷಣವಲ್ಲ. ಸುತ್ತುಗಳು ಅರ್ಧಕ್ಕೆ ಇಳಿದರೆ ಮಾತ್ರ ದೋಷವನ್ನು ಹುಡುಕಬೇಕು.

ಹೀಟರಿನ ಲೆಕ್ಕ

48 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿ ಸಾಲಿನಲ್ಲಿ ತುಂಬಿದಾಗ 7.2 ಯೂನಿಟ್ ವಿದ್ಯುತ್ ಇರುತ್ತದೆ. ಚಳಿಗೆ ಹತ್ತರಲ್ಲೊಂದು ಭಾಗ ಕಳೆದರೆ ಉಳಿಯುವುದು ಸುಮಾರು 6.5 ಯೂನಿಟ್. ಬ್ಯಾಟರಿ ದೀರ್ಘಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಹೀಗಾಗಿ ಬಳಕೆಗೆ ಸಿಗುವುದು ಸುಮಾರು 3.2 ಯೂನಿಟ್ ಮಾತ್ರ. 500 ವ್ಯಾಟ್ ಹೀಟರನ್ನು ಒಂದು ಗಂಟೆ ಉರಿಸಿದರೆ ಅರ್ಧ ಯೂನಿಟ್, ಎಂದರೆ ಸರಿಸುಮಾರು ಆರನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ನಮ್ಮ ಚಳಿಗೆ ಒಂದು ಒಳ್ಳೆಯ ಕಂಬಳಿ ಸಾಕು. ಆದರೆ ಅದರ ಅಂಚು ಪೆಡಲಿಗಾಗಲಿ ಚಕ್ರಕ್ಕಾಗಲಿ ಸಿಕ್ಕದಂತೆ ಕಟ್ಟಿಕೊಳ್ಳಬೇಕು.

ಬ್ಯಾಟರಿಯ ಆರೈಕೆ

1. ಸಂಜೆ ಕೆಲಸ ಮುಗಿದ ಕೂಡಲೇ ಚಾರ್ಜಿಗೆ ಹಾಕಬೇಕು. ಆಗ ಬ್ಯಾಟರಿ ಇನ್ನೂ ಬೆಚ್ಚಗಿದ್ದು ವಿದ್ಯುತ್ತನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಶಕ್ತಿ ಶಾಶ್ವತವಾಗಿ ಕುಂದುತ್ತದೆ.

2. ನೀರು ಹಾಕುವ ಬಗೆಯ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬಾವಿ, ನಲ್ಲಿ, ನಾಲೆಯ ನೀರು ಕೂಡದು. ಚಾರ್ಜ್ ಪೂರ್ಣಗೊಂಡ ಮೇಲೆ ಮಟ್ಟ ನೋಡಿ ತುಂಬಬೇಕು. ಮೊದಲೇ ಫಲಕ ಬರಿದಾಗಿ ಕಂಡರೆ ಅದು ಮುಳುಗುವಷ್ಟು ಮಾತ್ರ ಹಾಕಿ ಚಾರ್ಜ್ ಮಾಡತಕ್ಕದ್ದು.

3. ಹೈಡ್ರೋಮೀಟರಿನಿಂದ ಪರೀಕ್ಷಿಸುವವರು ಚಳಿಯ ಲೆಕ್ಕವನ್ನೂ ಹಿಡಿಯಬೇಕು. 27 ಡಿಗ್ರಿಗಿಂತ ಕೆಳಗಿನ ಪ್ರತಿ ಡಿಗ್ರಿಗೆ 0.0007ರಂತೆ ಕಳೆಯಬೇಕು. ದ್ರಾವಣ 15 ಡಿಗ್ರಿ ಇರುವಾಗ 1.260 ತೋರಿಸಿದರೆ ನಿಜವಾದ ಅಂಕಿ ಸುಮಾರು 1.252.

4. ತಂತಿ ಜೋಡಣೆಗಳ ಮೇಲಿನ ಬಿಳಿ ಪುಡಿಯನ್ನು ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಒಣಗಿಸಿ, ಬಿಗಿಮಾಡಿ, ವ್ಯಾಸಲೀನ್ ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

ಲಿಥಿಯಂ ಬ್ಯಾಟರಿ ಇದ್ದಲ್ಲಿ ನೀರಿನ ಮತ್ತು ಹೈಡ್ರೋಮೀಟರಿನ ಕೆಲಸವಿಲ್ಲ. ಆದರೆ ಅದಕ್ಕೆಂದೇ ಮಾಡಿದ ಚಾರ್ಜರನ್ನು ಮಾತ್ರ ಬಳಸಬೇಕು.

ಹೊದಿಕೆ ಮತ್ತು ದೀಪ

ಮುಂದೆ ಪಾರದರ್ಶಕ ಹಲಗೆ, ಎರಡು ಪಕ್ಕಕ್ಕೆ ಸುರುಳಿ ಸುತ್ತಿ ಮೇಲೆ ಕಟ್ಟಬಹುದಾದ ಟಾರ್ಪಾಲಿನ್ ಪರದೆ, ಇಷ್ಟಿದ್ದರೆ ಗಾಳಿಯೂ ಇಬ್ಬನಿಯೂ ತಡೆಯುತ್ತವೆ. ಪರದೆಯನ್ನು ಪೂರ್ತಿ ಮುಚ್ಚಬಾರದು. ಉಸಿರಿನ ತೇವದಿಂದ ಹಲಗೆ ಮಸುಕಾಗಿ ದಾರಿ ಕಾಣದಾಗುತ್ತದೆ. ಗಾಳಿಯಾಡಲು ಮೇಲ್ಗಡೆ ನಾಲ್ಕು ಬೆರಳಿನಷ್ಟು ಸಂದು ಇರಲಿ. ಮಂಜಿನಲ್ಲಿ ಹಿಂದಿನವರಿಗೆ ಗಾಡಿ ಕಾಣುವಂತೆ ಕೆಂಪು ದೀಪ ಮತ್ತು ಬೆಳಕು ಪ್ರತಿಫಲಿಸುವ ಪಟ್ಟಿಗಳನ್ನು ಹಾಕಿಸಬೇಕು. ನೋಂದಣಿಯಿಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ.

1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಭದ್ರಾವತಿಯಲ್ಲಿ ಚೌಕಟ್ಟು ಬೆಸೆಯಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೆ ಬೆಸುಗೆಗೆ ಮೊದಲು ಬ್ಯಾಟರಿಗಳನ್ನು ಇಳಿಸಿ ದೂರವಿಡಬೇಕು. ಮೋಟಾರನ್ನು ನಿಯಂತ್ರಿಸುವ ಪೆಟ್ಟಿಗೆಯ ತಂತಿಗಳನ್ನೂ ಕಳಚಬೇಕು. ಇಲ್ಲದಿದ್ದರೆ ಬೆಸುಗೆಯ ವಿದ್ಯುತ್ತಿನಿಂದ ಆ ಪೆಟ್ಟಿಗೆ ಸುಟ್ಟುಹೋಗಬಹುದು, ಕಿಡಿಯಿಂದ ಬ್ಯಾಟರಿ ಸಿಡಿಯಬಹುದು.

ಬ್ರೇಕು ಮತ್ತು ಟೈರು

ಇಂತಹ ಅನೇಕ ಗಾಡಿಗಳಲ್ಲಿ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ ಇರುತ್ತದೆ. ಮಳೆಗಾಲದ ಪಾಚಿ ಒಣಗದ ತೋಟದ ದಾರಿಗೆ ಇಬ್ಬನಿಯೂ ಸೇರಿದರೆ ಇಳಿಜಾರಿನಲ್ಲಿ ಗಾಡಿ ಜಾರುತ್ತದೆ. ಪಾಚಿಯನ್ನು ಕೆರೆದು, ಇಳಿಜಾರಿಗೆ ಜಲ್ಲಿ ಅಥವಾ ಮರಳು ಹರಡಬೇಕು. ಮುಂಜಾನೆ ಗಾಡಿ ಹೊರಟ ಕೂಡಲೇ ಸಮತಟ್ಟಾದ ಜಾಗದಲ್ಲಿ ಎರಡು ಮೂರು ಸಲ ಬ್ರೇಕು ಹಿಡಿದು ನೋಡಬೇಕು. ಚಳಿಗೆ ಟೈರಿನ ಗಾಳಿಯ ಒತ್ತಡ ಇಳಿಯುವುದರಿಂದ ಹದಿನೈದು ದಿನಕ್ಕೊಮ್ಮೆ, ಗಾಡಿ ಓಡಿಸುವ ಮೊದಲೇ ಅಳೆಯುವುದು ಒಳ್ಳೆಯದು.

ಕೊನೆಗಾರರು ಇಬ್ಬನಿ ಆರಿ ಮರ ಒಣಗಿದ ಮೇಲೆಯೇ ಏರುತ್ತಾರೆ. ಗೊನೆ ಹೊತ್ತ ಗಾಡಿಗೂ ಅದೇ ನಿಯಮವಿರಲಿ. ಬೆಳಿಗ್ಗೆ ಹಗುರವಾದ ಹೊರೆ, ಬಿಸಿಲೇರಿದ ಮೇಲೆ ಭಾರವಾದ ಹೊರೆ ಎಂದು ಕೆಲಸವನ್ನು ಹಂಚಿಕೊಂಡರೆ ಬ್ಯಾಟರಿಗೂ ಅನುಕೂಲ, ಚಾಲಕನಿಗೂ ಕ್ಷೇಮ.

ಪ್ರಾಣಾಪಾಯದ ಎರಡು ತಪ್ಪುಗಳು

ಮೊದಲನೆಯದು, ಚಳಿಯೆಂದು ಪರದೆ ಇಳಿಬಿಟ್ಟ ಗಾಡಿಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಳ್ಳುವುದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಎನ್ನುವಷ್ಟರಲ್ಲಿ ಎಚ್ಚರ ತಪ್ಪಿ ಪ್ರಾಣವೇ ಹೋಗಬಹುದು. ರಾತ್ರಿ ಅಡಿಕೆ ಕಾಯಲು ಗಾಡಿಯಲ್ಲೇ ಮಲಗುವವರು ಇದನ್ನು ಎಂದೂ ಮರೆಯಬಾರದು.

ಎರಡನೆಯದು, ಚಾರ್ಜ್ ಮಾಡುವ ಕೊಟ್ಟಿಗೆಯ ಬಾಗಿಲು ಕಿಟಕಿಗಳನ್ನು ಚಳಿಗೆ ಹೆದರಿ ಮುಚ್ಚುವುದು. ಚಾರ್ಜ್ ಆಗುವಾಗ ಸೀಸ-ಆಮ್ಲ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ 4 ಭಾಗ ತಲುಪಿದರೆ ಒಂದು ಕಿಡಿ ಸಾಕು. ಈ ಅನಿಲ ಹಗುರವಾದ್ದರಿಂದ ಮಾಡಿನ ಕೆಳಗೆ ಸೇರಿಕೊಳ್ಳುತ್ತದೆ. ಅಲ್ಲಿಯೇ ಗಾಳಿಕಿಂಡಿ ಇರಬೇಕು. ಬೀಡಿ, ಸೀಮೆಎಣ್ಣೆ ದೀಪ, ಅಡಿಕೆ ಬೇಯಿಸುವ ಒಲೆ ಹತ್ತಿರ ಕೂಡದು.

ರೈತ ಬಾಂಧವರು ಹೀಟರಿಗೆ ಹಾಕಬೇಕೆಂದಿರುವ ಹಣವನ್ನು ಒಂದು ಹೈಡ್ರೋಮೀಟರ್, ಹಿಂಬದಿಯ ದೀಪ ಮತ್ತು ಕೊಟ್ಟಿಗೆಯ ಗಾಳಿಕಿಂಡಿಗೆ ಬಳಸಲಿ. ಗಾಡಿ ಹೆಚ್ಚು ಕಾಲ ಬಾಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆ ಸುಖವಾಗಿ ಮನೆ ಸೇರುತ್ತಾರೆ.