ಕತ್ತರಿ ಕೈಗೆ ತೆಗೆದುಕೊಳ್ಳುವ ಮುಂಚೆ

ಅಳಿಯಾ, ಡಿ.ಫಾರ್ಮ ಮುಗಿಸಿ ಸಿಂಧನೂರಿನಲ್ಲಿ ಮೆಡಿಕಲ್ ಇಡುತ್ತೀ ಅಂತ ನಿಮ್ಮವ್ವ ಫೋನ್ ಮಾಡಿ ಹೇಳಿದಳು. ಸಂತೋಷ. ಲೈಸೆನ್ಸು, ಫ್ರಿಜ್ಜು, ಬೋರ್ಡು, ಬಾಡಿಗೆ ಇವುಗಳ ಬಗ್ಗೆ ಹೇಳುವವರು ನಿನಗೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಗಲ್ಲಾಪೆಟ್ಟಿಗೆಯ ಪಕ್ಕ ದಾರ ಕಟ್ಟಿ ಇಡುತ್ತೀರಲ್ಲ, ಆ ಕತ್ತರಿಯ ಬಗ್ಗೆ.

ನಾಟಿ ಹಂಗಾಮಿನಲ್ಲಿ ಮಸ್ಕಿ ಕಡೆಯ ಹಳ್ಳಿಗಳಿಂದ ಕೂಲಿಗೆ ಬಂದವರು ಸಂಜೆ ಹೇಗೆ ಔಷಧಿ ಕೊಳ್ಳುತ್ತಾರೆ, ನೋಡಿದ್ದೀಯಲ್ಲ. ಕೆಸರುಗಾಲಿನಲ್ಲೇ ಬಂದು, "ಅಣ್ಣಾ, ಜ್ವರ ಬಂದಾವ, ಮೈಕೈ ನೋವು ಭಾಳ ಐತಿ, ಐವತ್ತು ರೂಪಾಯಿದಾಗ ಏನರ ಕೊಡು" ಅನ್ನುತ್ತಾರೆ. ಅಂಗಡಿಯವ ಕತ್ತರಿ ಎತ್ತುತ್ತಾನೆ. ಒಂದು ಪಟ್ಟಿಯಿಂದ ಎರಡು ಪ್ಯಾರಾಸಿಟಮಾಲ್, ಇನ್ನೊಂದರಿಂದ ಎರಡು ಗ್ಯಾಸಿನ ಗುಳಿಗೆ, ಮತ್ತೊಂದರಿಂದ ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಎರಡು. ಸೆಫಿಕ್ಸಿಮ್ ಪಟ್ಟಿಯ ಎಡಬದಿಗೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಮುಟ್ಟಬೇಡಿ ಅಂತ ಜನರಿಗೆ ತಿಳಿಯಲಿ ಎಂದೇ 2016ರಲ್ಲಿ ಸರ್ಕಾರ ಅದನ್ನು ಪ್ರಚಾರ ಮಾಡಿತು. ಕತ್ತರಿ ಆಡಿದ ಮೇಲೆ ಗಿರಾಕಿಯ ಕೈಗೆ ಹೋಗುವ ತುಂಡಿನಲ್ಲಿ ಗೆರೆ ಇರದೇ ಹೋಗಬಹುದು, ಮಾತ್ರೆಯ ಹೆಸರು ಅರ್ಧ, ಅವಧಿ ಮುಗಿಯುವ ತಾರೀಖು ಅಂಗಡಿಯಲ್ಲೇ ಉಳಿಯುತ್ತದೆ. ನಾಲ್ಕು ದಿನ ಬಿಟ್ಟು ಜ್ವರ ಏರಿ ಡಾಕ್ಟರ ಹತ್ತಿರ ಹೋದಾಗ, ಏನು ತಗೊಂಡಿದ್ದೆ ಅಂತ ಕೇಳಿದರೆ, "ಬಿಳೀ ಗುಳಿಗಿರಿ" ಅನ್ನುತ್ತಾನೆ. ಡಾಕ್ಟರು ಏನು ಮಾಡಬೇಕು?

ಎರಡು ಮಾತ್ರೆಯಿಂದ ಏನಾಗುತ್ತದೆ ಮಾಮಾ ಅಂತ ನೀನು ಕೇಳಬಹುದು. ನಿಮ್ಮಪ್ಪನ ಹತ್ತಿ ಹೊಲದ ಕತೆ ನೆನಪಿಸಿಕೋ. 2002ರಲ್ಲಿ ಬಿಟಿ ಹತ್ತಿ ಬಂತು, 2006ರಲ್ಲಿ ಎರಡನೆಯ ತಲೆಮಾರಿನದು. 450 ಗ್ರಾಂ ಬೀಜದ ಪಾಕೀಟಿನ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜ ಬೇರೆ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಲಿಕ್ಕೆ. ಬಿಟಿ ಗಿಡದೊಳಗಿನ ವಿಷ ತಿಂದೂ ಬದುಕಿದ ಹುಳು, ವಿಷವನ್ನೇ ಕಾಣದ ಸಾದಾ ಹುಳುವಿನೊಡನೆ ಕೂಡಲಿ, ಗಟ್ಟಿ ಹುಳುಗಳದ್ದೇ ಸಂತಾನ ಬೆಳೆಯದಿರಲಿ ಎಂಬ ಲೆಕ್ಕ ಅದು. ನಮ್ಮವರು ಆ ಸಣ್ಣ ಪಾಕೀಟನ್ನು ಬದುವಿಗೆ ಎಸೆದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಗುಲಾಬಿ ಕಾಯಿಕೊರಕ ಬಿಟಿ ಕಾಯಿಯೊಳಗೇ ಸಂಸಾರ ಹೂಡಿತು. ಮೈಯೊಳಗೂ ಹೀಗೆಯೇ. ದುರ್ಬಲ ಕ್ರಿಮಿ ಸಾಯುತ್ತದೆ, ತಡೆದುಕೊಂಡದ್ದು ಉಳಿದು ಮರಿ ಹಾಕುತ್ತದೆ. ಆ ಕೂಲಿಯವನದ್ದು ವೈರಸ್ ಜ್ವರವಾಗಿದ್ದರೆ ಸೆಫಿಕ್ಸಿಮ್ ಜ್ವರವನ್ನು ಮುಟ್ಟುವುದೇ ಇಲ್ಲ, ಅವನ ಕರುಳಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳಿಗೆ ತಾಲೀಮು ಕೊಟ್ಟು ಹೋಗುತ್ತದೆ. ಕಾಯಿಕೊರಕಕ್ಕಿಲ್ಲದ ಒಂದು ವಿದ್ಯೆ ಬ್ಯಾಕ್ಟೀರಿಯಾಕ್ಕಿದೆ: ಔಷಧಿ ತಡೆದುಕೊಳ್ಳುವ ಗುಣವನ್ನು ತನ್ನ ಮರಿಗಷ್ಟೇ ಅಲ್ಲ, ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು.

ಇದು ಈಗ ಗೊತ್ತಾದ ಸಂಗತಿಯಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಹೇಳಿದ್ದರು, ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಕಾಲ ಬಂದೀತು, ತಿಳಿಯದವರು ಕಡಿಮೆ ಪ್ರಮಾಣದಲ್ಲಿ ತಗೊಂಡು ಕ್ರಿಮಿಯನ್ನು ಗಟ್ಟಿ ಮಾಡಿಯಾರು ಅಂತ. ಅವರು ಹೆಸರಿಸಿದ್ದು ಅಂಗಡಿಯನ್ನು, ಅಳಿಯಾ.

ನಾನು ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕಫ, ರಕ್ತ ನೋಡುತ್ತಲೇ ನೌಕರಿ ಮುಗಿಸಿದವನು. ಎರಡು ಕಾಯಿಲೆಗಳ ಬಗ್ಗೆ ನಿನಗೆ ಬಿಡಿಸಿ ಹೇಳಬೇಕು.

ಮೊದಲನೆಯದು ಟೈಫಾಯಿಡ್. ನಮ್ಮ ಕಡೆ ಎರಡು ದಿನ ಜ್ವರ ಬಂತೆಂದರೆ ಜನ ತಾವೇ ಲ್ಯಾಬಿಗೆ ಹೋಗಿ ವಿಡಾಲ್ ರಕ್ತಪರೀಕ್ಷೆ ಮಾಡಿಸುತ್ತಾರೆ, ರಿಪೋರ್ಟಿನಲ್ಲಿ ಪಾಸಿಟಿವ್ ಅಂತ ಕಂಡರೆ ನೇರ ನಿನ್ನ ಕೌಂಟರಿಗೆ ಬರುತ್ತಾರೆ. ಟೈಫಾಯಿಡ್ ಓಡಾಡುವ ಊರಿನಲ್ಲಿ ಹಳೆಯ ಸೋಂಕಿಗೂ ವಿಡಾಲ್ ಪಾಸಿಟಿವ್ ತೋರಿಸುತ್ತದೆ. ಒಂದೇ ಸಲದ ರಿಪೋರ್ಟ್ ನಂಬಿ ಔಷಧಿ ಹಾಕುವಂತಿಲ್ಲ. ಖಚಿತವಾಗಿ ಹೇಳುವುದು ರಕ್ತದ ಕಲ್ಚರ್. ಅದಕ್ಕೆ ಕೆಲವು ದಿನ ಬೇಕು, ಆದರೆ ಯಾವ ಔಷಧಿಗೆ ಆ ಕ್ರಿಮಿ ಬಗ್ಗುತ್ತದೆ ಅಂತಲೂ ಅದೇ ಹೇಳುತ್ತದೆ. ರಕ್ತ ತೆಗೆಯಬೇಕಾದ್ದು ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆ. ನಿನ್ನ ಎರಡು ಗುಳಿಗೆ ಹೊಟ್ಟೆಗೆ ಹೋದ ಮೇಲೆ ಕಲ್ಚರ್‌ನಲ್ಲಿ ಕ್ರಿಮಿ ಬೆಳೆಯದೇ ಹೋಗಬಹುದು. ನಾವು ಹುಡುಗರಾಗಿದ್ದಾಗ ಟೈಫಾಯಿಡ್‌ಗೆ ಕ್ಲೋರಾಂಫೆನಿಕಾಲ್ ಕೊಡುತ್ತಿದ್ದರು. ಅದು ಸೋತಿತು, ಸಿಪ್ರೊಫ್ಲಾಕ್ಸಾಸಿನ್ ಬಂತು, ಅದೂ ಸೋತಿತು. 2016ರ ಕೊನೆಗೆ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಸೂಜಿಗೂ ಬಗ್ಗದ ಟೈಫಾಯಿಡ್ ಎದ್ದಿತು. ಗಾಬರಿ ಆಗಬೇಡ, ನಾವು ಆಸ್ಪತ್ರೆಗೆ ಹೋಗುವ ಹೈದರಾಬಾದ್ ಅಲ್ಲ, ಪಾಕಿಸ್ತಾನದ ಸಿಂಧ್ ಪ್ರಾಂತದ್ದು. ಅಲ್ಲಿ ಬಾಯಿಂದ ತಗೊಳ್ಳುವ ಗುಳಿಗೆ ಅಂತ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ಕೊರೊನಾ ಕಾಲದಲ್ಲಿ ನಾವು ನೆಗಡಿಗೂ ಕೆಮ್ಮಿಗೂ ಪೆಪ್ಪರಮೆಂಟಿನ ಹಾಗೆ ನುಂಗಿದ್ದು ಅದನ್ನೇ.

ಇನ್ನೊಂದು ಕ್ಷಯ. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನವರಿಗೆ ಇದು ದೂರದ ಮಾತಲ್ಲ, ಅಲ್ಲಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಕಲ್ಲಿನ ದೂಳು ಕುಡಿದ ಪುಪ್ಪುಸಕ್ಕೆ ಕ್ಷಯ ಬೇಗ ಹತ್ತುತ್ತದೆ. ಎರಡು ವಾರದಿಂದ ಕೆಮ್ಮುತ್ತಿರುವವ ಬಂದು ಗಟ್ಟಿ ಔಷಧಿ ಕೇಳಿದ ಅಂತ ಲೆವೊಫ್ಲಾಕ್ಸಾಸಿನ್ ಕೊಟ್ಟುಬಿಟ್ಟೀಯ, ಜೋಕೆ. ಅದು ಕ್ಷಯದ ಕ್ರಿಮಿಗೂ ಅರೆಬರೆ ಏಟು ಕೊಡುತ್ತದೆ. ಕೆಮ್ಮು ತಗ್ಗುತ್ತದೆ, ನಿನ್ನನ್ನು ಹೊಗಳುತ್ತಾನೆ, ಕಾಯಿಲೆ ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಬಹು ಔಷಧಿಗೆ ಬಗ್ಗದ ಕ್ಷಯಕ್ಕೆ ವೈದ್ಯರು ಉಳಿಸಿಕೊಂಡಿರುವ ಅಸ್ತ್ರಗಳಲ್ಲಿ ಆ ಲೆವೊಫ್ಲಾಕ್ಸಾಸಿನ್ ಕೂಡ ಒಂದು. ಅಂಥವನಿಗೆ ನೀನು ಕೊಡಬೇಕಾದ್ದು ಸರ್ಕಾರಿ ಆಸ್ಪತ್ರೆಯ ದಾರಿ. ಅಲ್ಲಿ ಕಫದ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ. ನಮ್ಮ ಕಾಲದಲ್ಲಿ ಗಾಜಿನ ಮೇಲೆ ಕಫ ಸವರಿ, ಬಣ್ಣ ಹಾಕಿ ಕಾಯಿಸಿ, ನೀಲಿಯ ನಡುವೆ ಕೆಂಪು ಕಡ್ಡಿಗಳನ್ನು ಹುಡುಕುತ್ತಿದ್ದೆವು. ಕ್ರಿಮಿ ಇದೆ ಅಂತ ಗೊತ್ತಾಗುತ್ತಿತ್ತು, ಔಷಧಿಗೆ ಬಗ್ಗುತ್ತದೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಈಗ ಸಿಬಿನಾಟ್ ಎಂಬ ಪರೀಕ್ಷೆ ಇದೆ, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರು ರೂಪಿಸಿದ ಟ್ರೂನಾಟ್ ಇದೆ. ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಕೆಲಸ ಮಾಡುತ್ತದೋ ಇಲ್ಲವೋ ಕೆಲವೇ ತಾಸಿನಲ್ಲಿ ಹೇಳಿಬಿಡುತ್ತವೆ. ಬಗ್ಗದ ಕ್ಷಯಕ್ಕೆ ಮೊದಲು ಒಂಬತ್ತರಿಂದ ಇಪ್ಪತ್ತು ತಿಂಗಳ ಚಿಕಿತ್ಸೆ ನಡೆಯುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಈ ನಾಲ್ಕು ಸೇರಿದ ಆರು ತಿಂಗಳ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಇಪ್ಪತ್ತು ತಿಂಗಳು ಗುಳಿಗೆ ನುಂಗಲಾರದೆ ನಡುವೆ ಬಿಟ್ಟು ಹೋದವರನ್ನು ಕಂಡ ನನಗೆ ಇದು ಸಣ್ಣ ಸುದ್ದಿಯಲ್ಲ.

ಹೊಸ ಔಷಧಿ ಬರುತ್ತಿಲ್ಲವೇ ಅಂದರೆ ಬರುತ್ತಿವೆ. ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ ಎನ್‌ಮೆಟಜೊಬ್ಯಾಕ್ಟಮ್‌ಗೆ ಸೆಫಿಪಿಮ್ ಜೊತೆ ಸೇರಿಸಿ 2024ರಲ್ಲಿ ಅಮೆರಿಕದಲ್ಲೇ ಮನ್ನಣೆ ಸಿಕ್ಕಿತು. ನ್ಯುಮೋನಿಯಾಕ್ಕೆ ದಿನಕ್ಕೊಂದು ಸಲದಂತೆ ಮೂರೇ ದಿನ ಕೊಡುವ ನಾಫಿತ್ರೊಮೈಸಿನ್ ಅದೇ ವರ್ಷ ನವೆಂಬರಿನಲ್ಲಿ ಬಿಡುಗಡೆಯಾಯಿತು. ಅದರ ಹಿಂದೆ ಹದಿನಾಲ್ಕು ವರ್ಷದ ದುಡಿಮೆ. ಅಷ್ಟು ವರ್ಷ ಕಷ್ಟಪಟ್ಟು ತಂದದ್ದನ್ನು ನಾವು ಕತ್ತರಿಯಲ್ಲಿ ಎಷ್ಟು ದಿನದಲ್ಲಿ ಮುಗಿಸುತ್ತೇವೋ ಅನ್ನುವುದೇ ನನ್ನ ಹೆದರಿಕೆ.

ಕಾಯ್ದೆ ನಿನಗೆ ಪಾಠದಲ್ಲೇ ಬಂದಿದೆ, ಉದ್ದ ಎಳೆಯುವುದಿಲ್ಲ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಜಾರಿಯಲ್ಲಿದೆ. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್ ಎರಡೂ ಅದರಲ್ಲಿವೆ. ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆ, ಇಷ್ಟನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಇನ್ಸ್‌ಪೆಕ್ಟರ್ ಬರುವ ಸುದ್ದಿ ತಿಳಿದು ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಮೂರು ತಿಂಗಳದ್ದು ತುಂಬುವ ವಿದ್ಯೆಯನ್ನು ನಿನಗೆ ಯಾರಾದರೂ ಕಲಿಸಿಯಾರು, ಕಲಿಯಬೇಡ.

"ನಾನು ಕೊಡದಿದ್ದರೆ ಪಕ್ಕದ ಅಂಗಡಿಯವ ಕೊಡ್ತಾನ ಮಾಮಾ." ಕೊಡುತ್ತಾನೆ, ಸುಳ್ಳಲ್ಲ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆ ಸಾಲಿನಲ್ಲಿ ನಿಲ್ಲು ಅಂತ ಬಡವನಿಗೆ ಹೇಳುವುದೂ ಸುಲಭವಲ್ಲ. ಅದಕ್ಕೇ ಬರೀ ಇಲ್ಲ ಅಂದು ಕಳಿಸಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡು, ಮೂರು ದಿನಕ್ಕೆ ಇಳಿಯದಿದ್ದರೆ, ಉಸಿರು ಹತ್ತಿದರೆ, ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗು ಅಂತ ಬಾಯಿಬಿಟ್ಟು ಹೇಳು. ಮಗುವಿಗೆ ಭೇದಿ ಅಂತ ಬಂದವರಿಗೆ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಬಾಟಲಿ ಇಳಿಸುವ ಬದಲು ಓಆರ್‌ಎಸ್ ಮತ್ತು ಜಿಂಕ್ ಕೊಡು. ರಕ್ತ ಬೀಳುತ್ತಿದ್ದರೆ ಡಾಕ್ಟರ ಹತ್ತಿರ ಅಟ್ಟು. ಚೀಟಿ ಇದ್ದು ದುಡ್ಡಿಲ್ಲದೆ ಐದು ದಿನದ್ದರಲ್ಲಿ ಎರಡು ದಿನದ್ದು ಕೇಳಿದರೆ, ಉದ್ರಿ ಬರೆದುಕೊಂಡು ಐದು ದಿನದ್ದೂ ಕೊಡು. ಉದ್ರಿ ಕೊಡದೆ ನಮ್ಮ ಕಡೆ ಯಾವ ಅಂಗಡಿ ನಡೆದಿದೆ? ಕೊಡುವ ಉದ್ರಿಯನ್ನು ಇದಕ್ಕೆ ಕೊಡು. ಅದೇ ಔಷಧಿ ಅಗ್ಗದ ಜೆನೆರಿಕ್‌ನಲ್ಲಿದ್ದರೆ ಮೊದಲು ಅದನ್ನು ತೋರಿಸು.

ಮಕ್ಕಳ ಸಿರಪ್ ಪುಡಿಯ ಬಾಟಲಿಯನ್ನು ಹಾಗೇ ಕೈಗೆ ಕೊಟ್ಟು ಕಳಿಸಬೇಡ. ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ, ಕುಲುಕಿ, ನೊರೆ ಇಳಿದ ಮೇಲೆ ಮತ್ತೆ ಗೆರೆ ನೋಡಿ ತುಂಬಬೇಕು. ನೀರು ಹೆಚ್ಚಾದರೆ ಔಷಧಿ ತೆಳು, ಮನೆಯ ಚಮಚ ಸಣ್ಣದಾದರೆ ಇನ್ನೂ ಕಡಿಮೆ. ಮುಚ್ಚಳದ ಅಳತೆಗೆ ಪೆನ್ನಿನಿಂದ ಗುರುತು ಹಾಕಿ ಕೊಡು, ಓದು ಬರದ ತಾಯಿಗೂ ತಿಳಿಯುತ್ತದೆ.

ಕೋರ್ಸ್ ಎಷ್ಟು ದಿನ ಅನ್ನುವ ಬಗ್ಗೆ ವೈದ್ಯರಲ್ಲೇ ಈಗ ಚರ್ಚೆ ಇದೆ. ಹಲವು ಸೋಂಕುಗಳಿಗೆ ಹತ್ತು ದಿನದ ಬದಲು ಐದೇ ದಿನ ಸಾಕು ಅಂತ ಅಧ್ಯಯನಗಳು ತೋರಿಸಿವೆ. ಕ್ಷಯಕ್ಕೆ ಆ ರಿಯಾಯಿತಿ ಇಲ್ಲ. ದಿನ ಕಡಿಮೆ ಮಾಡಬೇಕಾದವರು ಚೀಟಿ ಬರೆದವರು, ನೀನೂ ಅಲ್ಲ, ಗಿರಾಕಿಯ ಕಿಸೆಯೂ ಅಲ್ಲ.

ನಿಮ್ಮಣ್ಣನ ಗೊಬ್ಬರ-ಎಣ್ಣೆ ಅಂಗಡಿಯ ವಿಷಯವೂ ಇದರಲ್ಲೇ ಬಂತು. ನೆಲ್ಲಿಗೆ ದುಂಡಾಣು ಅಂಗಮಾರಿ ಬಿದ್ದಾಗ ಆರು ಗ್ರಾಂ ಪುಡಿಯ ಪಾಕೀಟು ಮಾರುತ್ತಾನಲ್ಲ, ಅದರಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೊಮೈಸಿನ್ ಅಂದರೆ ಕ್ಷಯಕ್ಕೆ ಸಿಕ್ಕ ಮೊದಲ ಆ್ಯಂಟಿಬಯಾಟಿಕ್. ಗದ್ದೆಗೆ ಹೊಡೆದದ್ದು ಗದ್ದೆಯಲ್ಲೇ ನಿಲ್ಲುವುದಿಲ್ಲ, ಮಣ್ಣಿಗೂ ಬಸಿಗಾಲುವೆಯ ನೀರಿಗೂ ಇಳಿಯುತ್ತದೆ. ಇದನ್ನು ಬೆಳೆಗೆ ಬಳಸುವುದನ್ನು ನಿಲ್ಲಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲೇ ಕರಡು ಆದೇಶ ಹೊರಡಿಸಿತ್ತು. ಯೂರಿಯಾ ಕಡಿಮೆ ಹಾಕಿ, ಗದ್ದೆಯ ನೀರು ಬಸಿದು ಕೆಲವು ದಿನ ಒಣಗಲು ಬಿಡಿ, ಮುಂದಿನ ಹಂಗಾಮಿಗೆ ರೋಗ ತಡೆಯುವ ತಳಿ ಹಾಕಿ ಅಂತ ರೈತರಿಗೆ ಅವನು ಹೇಳಬಹುದು. ನಾನು ಹೇಳಿದರೆ "ಮಾಮಾಗ ಯಾಪಾರ ಏನು ಗೊತ್ತು" ಅಂತ ನಗುತ್ತಾನೆ. ನೀನು ಓದಿದವ, ನಿನ್ನ ಮಾತು ಕೇಳಿಯಾನು.